ಮಾಂಟುವಾ ನಗರದ ಒಂದು ವಿಲಾಪಗೀತ

ಇಟಲಿ ದೇಶದ ವೆರೋನಾ ಪಟ್ಟಣದಿಂದ ದಕ್ಷಿಣಾಭಿಮುಖವಾಗಿ ರೈಲಿನಲ್ಲಿ ಪಯಣಿಸಿ ನಾವು ಮಾಂಟುವಾ ನಗರವನ್ನು ಸೇರಿದೆವು. ಮಿಂಚಿಯೋ ನದಿಯ ಸರೋವರಗಳು ಊರನ್ನು ಮೂರು ದಿಕ್ಕುಗಳಿಂದ ಬಳಸಿರುವುವು. ಏಷ್ಯಾದಿಂದ ತಂದು ಬೆಳೆಸಿದ ತಾವರೆಗಳು ಅಲ್ಲಿ ಅರಳಿದ್ದುದನ್ನು ನೋಡಿ, ಪರದೇಶದಲ್ಲಿ ನಂಟರನ್ನು ಕಂಡಷ್ಟು ಹರ್ಷವಾಯಿತು. ಆದರೆ ನಾವು ಬಂದುದು ತಾವರೆಗಾಗಿ ಅಲ್ಲ. ಒಂದು ಹಾಡು ಹುಟ್ಟಿದ ಊರನ್ನು ನೋಡುವುದಕ್ಕಾಗಿ.

ಸರೋವರದ ಬಳಿಯಲ್ಲಿ ಗೊಂಜಾಗಾ ದೊರೆಗಳ ವಿಶಾಲವಾದ ಅರಮನೆಯಿದೆ. ಕ್ಲಾಡಿಯೋ ಮಾಂಟೆವರ್ಡಿ ಎಂಬ ಸಂಗೀತಗಾರನು 1612ರ ವರೆಗೆ ಇಲ್ಲಿ ಆಸ್ಥಾನ ಸೇವೆಯಲ್ಲಿದ್ದನು. 1607ರಲ್ಲಿ ಅವನ ಪತ್ನಿ ಕ್ಲಾಡಿಯಾ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡಳು. ಆ ಶೋಕವು ಆರುವುದಕ್ಕೆ ಮೊದಲೇ, ಯುವರಾಜನ ವಿವಾಹೋತ್ಸವಕ್ಕೆ ಗೀತನಾಟಕವೊಂದನ್ನು ರಚಿಸಬೇಕೆಂದು ಅಪ್ಪಣೆಯಾಯಿತು.

ವಸ್ತುವು ಗ್ರೀಕರ ಪುರಾಣಕಥೆ. ಕ್ರೀಟ್ ದ್ವೀಪದ ರಾಜಪುತ್ರಿ ಆರಿಯಾಡ್ನೆಯು ಥೀಸಿಯಸ್ ಎಂಬ ವೀರನಿಗೆ ನೂಲಿನ ಉಂಡೆಯನ್ನಿತ್ತು, ಗೂಳಿಮೊಗದ ರಾಕ್ಷಸನ ಸುತ್ತುಬಳಸಿನ ಮನೆಯಿಂದ ಅವನನ್ನು ಪಾರುಮಾಡಿದಳು. ತವರನ್ನು ತೊರೆದು ಅವನೊಡನೆ ಹೊರಟಳು. ಅವನೋ, ನಾಕ್ಸೋಸ್ ದ್ವೀಪದಲ್ಲಿ ಅವಳು ನಿದ್ರಿಸುತ್ತಿರುವಾಗಲೇ ಹಡಗನ್ನೇರಿ ಹೊರಟುಹೋದನು. ವಾಚಕರಿಗೆ ದಮಯಂತಿಯ ಪಾಡು ನೆನಪಾಗದೆ ಇರದು. ಆದರೆ ನಳನು ಕೊನೆಗೆ ದೊರೆತನು, ಥೀಸಿಯಸನು ಮರಳಲಿಲ್ಲ.

ಆರಿಯಾಡ್ನೆಯಾಗಿ ಹಾಡಬೇಕಾಗಿದ್ದ ಎಳೆಯ ಗಾಯಕಿ ಕತೆರೀನಾ ಮಾರ್ಟಿನೆಲ್ಲಿ, ಮಾಂಟೆವರ್ಡಿಯ ಮನೆಯಲ್ಲಿದ್ದು ಶಿಕ್ಷಣ ಪಡೆದವಳು. 1608ರ ಮಾರ್ಚಿ ತಿಂಗಳಲ್ಲಿ ಅವಳೂ ಸಿಡುಬಿಗೆ ಬಲಿಯಾದಳು. ವಿರ್ಜಿನಿಯಾ ಆಂಡ್ರೆಯೀನಿ ಎಂಬ ನಟಿಯು ಪಾತ್ರವನ್ನು ಕಲಿತು ಮೇ 28ರಂದು ಹಾಡಿದಳು; ಸಭೆಯಲ್ಲಿದ್ದ ಸ್ತ್ರೀಯರು ಕಣ್ಣೀರಿಟ್ಟರಂತೆ. ಅಲ್ಪಕಾಲದಲ್ಲಿ ಮುಗಿಸಬೇಕಾದ ಆ ಕೆಲಸವು ತನ್ನನ್ನು ಮರಣದ ಸಮೀಪಕ್ಕೆ ಒಯ್ದಿತ್ತೆಂದು ಮಾಂಟೆವರ್ಡಿಯು 1627ರ ಕಾಗದವೊಂದರಲ್ಲಿ ಬರೆದಿದ್ದಾನೆ.

ಆ ನಾಟಕದ ಸಂಗೀತವೆಲ್ಲ ಕಳೆದುಹೋಗಿದೆ. ಉಳಿದುದು ಆರಿಯಾಡ್ನೆಯ ವಿಲಾಪವೊಂದೇ. ಒಬ್ಬಳು ಹಾಡಿದ್ದ ಅದನ್ನು ಅವನು ಐದು ಕಂಠಗಳಿಗೆ ಹೊಂದಿಸಿ, 1614ರಲ್ಲಿ ವೆನಿಸಿನಲ್ಲಿ ಅಚ್ಚುಮಾಡಿಸಿದನು. ಇದಕ್ಕೆ ರಂಗಸ್ಥಳ ಬೇಡ, ವೇಷ ಬೇಡ. ಐವರು ಒಂದು ಕೋಣೆಯಲ್ಲಿ ತಂತಮ್ಮ ಪುಸ್ತಕಗಳನ್ನು ಹಿಡಿದು ಹಾಡಿದರೆ ಸಾಕು. ನಮ್ಮ ಭಜನೆಯಲ್ಲಿ ಎಲ್ಲರದೂ ಒಂದೇ ಮಟ್ಟು. ಇಲ್ಲಿ ಐವರ ದಾರಿ ಐದು. ಮೊದಲ ಮಾತಿನಲ್ಲಿಯೇ ದನಿಯು ಅರ್ಧಸ್ವರದಷ್ಟು ಮೇಲೇರಿ, ಮಿಕ್ಕ ಸ್ವರಗಳೊಡನೆ ಒರಸಿ, ಕೆಳಗೆ ಕುಸಿಯುವುದು. ಬಿಕ್ಕುವವರ ಉಸಿರೂ ಹೀಗೆಯೇ ಅಲ್ಲವೆ? ಅದೇ ಗ್ರಂಥದಲ್ಲಿ, ಅಗಲಿದ ಕತೆರೀನಾಳ ಸ್ಮರಣೆಗಾಗಿ ರಚಿಸಿದ ಆರು ಭಾಗಗಳ ಶೋಕಗೀತವೂ ಇರುವುದು.

ಸಂಜೆ ಸರೋವರದ ದಡದಲ್ಲಿ ಕುಳಿತು ಈ ವೃತ್ತಾಂತವನ್ನು ಹೇಳಿದಾಗ, ಜೊತೆಯಲ್ಲಿ ಬಂದಿದ್ದ ನಮ್ಮ ಅತ್ತಿಗೆಯವರು, “ಆ ಹುಡುಗಿಗೊಂದು ಹಾಡಾಯಿತು. ಕೈಹಿಡಿದವಳಿಗೆ?” ಎಂದು ಕೇಳಿದರು. ಅಣ್ಣನವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

“ಆರಿಯಾಡ್ನೆಯ ಬಾಯಿಂದ ಅವನೇ ಅತ್ತನೋ ಏನೋ, ಅತ್ತಿಗೆ” ಎಂದೆವು.

ಅವರು ಮಾತನಾಡಲಿಲ್ಲ. ರೈಲಿಗೆ ಹೊತ್ತಾಗಿ ನಾವು ಎದ್ದಾಗ, ಆ ಹಾಡನ್ನು ಇನ್ನೊಮ್ಮೆ ಎಲ್ಲಿ ಕೇಳಬಹುದೆಂದು ಮಾತ್ರ ವಿಚಾರಿಸಿದರು.