ಗಂಧಕ, ಡ್ರಮ್ಮು ಮತ್ತು ಎರಡು ಗುಡ್ಡ

ಹಲಸೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಕೆ.ಆರ್.ಪುರಕ್ಕೆ ಓಡಾಡುವವರಿಗೆ ಎಣ್ಣೆ ಟ್ಯಾಂಕರ್‌ಗಳು ಹೊಸದೇನಲ್ಲ. ಕೆ.ಆರ್.ಪುರ, ವೈಟ್‌ಫೀಲ್ಡ್ ದಾಟಿದ ಮೇಲೆ ಸಿಗುವ ದೇವನಗೊಂದಿಯಲ್ಲಿ ಎಣ್ಣೆ ಕಂಪನಿಗಳ ಟರ್ಮಿನಲ್ ಇದೆ. ಮಂಗಳೂರಿನಿಂದ ಹಾಸನದ ಮೇಲೆ ಬರುವ, ಸುಮಾರು 362 ಕಿ.ಮೀ. ಉದ್ದದ ಕೊಳವೆ ಮುಗಿಯೋದು ಅಲ್ಲೇ. ಆ ತುದಿಯಲ್ಲಿ ಎಂಆರ್‌ಪಿಎಲ್: ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲ ಕಾರ್ಖಾನೆ. ಇಂದಿರಾನಗರದ ಬಂಕಿನಲ್ಲಿ ಗಾಡಿಗೆ ಹಾಕಿಸ್ಕೊಳ್ಳೋ ಪೆಟ್ರೋಲು ಒಂದೇ ಎಣ್ಣೆ ಅಂದ್ಕೋಬೇಡಿ, ಅದು ಹಲವು ಎಣ್ಣೆಗಳ ಮಿಶ್ರಣ.

ಯಾವುದನ್ನ ಎಷ್ಟು ಬೆರೆಸಬೇಕು ಅನ್ನೋದು ಹಳೇ ಲೆಕ್ಕ. 1952ರಲ್ಲೇ ಚಾರ್ನ್ಸ್, ಕೂಪರ್, ಮೆಲನ್ ಎಂಬ ಮೂವರು ವಿಮಾನದ ಪೆಟ್ರೋಲಿನ ಮಿಶ್ರಣಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಹಚ್ಚಿದ್ದರು. ತರಲೆ ಶುರುವಾಗೋದು ಟ್ಯಾಂಕು ಸಾಲದೆ ಎರಡು ಎಣ್ಣೆ ಒಂದೇ ಟ್ಯಾಂಕಿಗೆ ಬಿದ್ದಾಗ. ಅದರಿಂದ ಎಷ್ಟು ತೆಗೀಬೇಕು ಅನ್ನೋದೂ ಗೊತ್ತಿಲ್ಲ, ಅದರೊಳಗಿನ ಗುಣ ಎಷ್ಟು ಅನ್ನೋದೂ ಗೊತ್ತಿಲ್ಲ. ಗೊತ್ತಿಲ್ಲದ ಎರಡನ್ನ ಗುಣಿಸಬೇಕು.

1978ರಲ್ಲಿ ಹೇವರ್ಲಿ ಕೊಟ್ಟ ಪುಟ್ಟ ಉದಾಹರಣೆ ನೋಡಿ. ಪೆನ್ನು, ಪೇಪರ್ ಸಾಕು. ಎ ಎಣ್ಣೆಯಲ್ಲಿ 3% ಗಂಧಕ, ಬೆಲೆ 6 ಡಾಲರ್. ಬಿ-ಯಲ್ಲಿ 1%, ಬೆಲೆ 16. ಇವೆರಡೂ ಒಂದೇ ಟ್ಯಾಂಕಿಗೆ. ಸಿ-ಯಲ್ಲಿ 2%, ಬೆಲೆ 10, ಅದು ಬೇರೆ ಕೊಳವೆಯಲ್ಲಿ ಬರುತ್ತೆ. ಮಾರೋದು ಎರಡು ಸರಕು. ಒಂದರಲ್ಲಿ 2.5% ತನಕ ಗಂಧಕ ಇರಬಹುದು, ಬೆಲೆ 9, ಬೇಡಿಕೆ 100 ಡ್ರಮ್. ಇನ್ನೊಂದು 1.5% ಮೀರಬಾರದು, ಬೆಲೆ 15, ಬೇಡಿಕೆ 200. (ಪಾಠದ ಅಂಕಿಗಳು ಇವು. 2020ರ ಏಪ್ರಿಲ್‌ನಿಂದ ನಮ್ಮ ಪೆಟ್ರೋಲಿಗೆ ಇರುವ ಮಿತಿ ಹತ್ತು ಲಕ್ಷಕ್ಕೆ ಬರೀ 10 ಪಾಲು.)

ಟ್ಯಾಂಕಿನ ತುಂಬಾ ಎ ಸುರಿದು ಶುರು ಮಾಡಿ. 50 ಎ, 50 ಸಿ ಬೆರೆಸಿ ಮೊದಲ ಸರಕು ಮಾಡಿದರೆ ಲಾಭ 100. ಸ್ವಲ್ಪ ಬಿ ಬೆರೆಸಿ ನೋಡೋಣ ಅಂತ ಟ್ಯಾಂಕನ್ನ 2.5%ಗೆ ಇಳಿಸಿದರೆ ಲಾಭ 50ಕ್ಕೆ ಕುಸಿಯುತ್ತೆ. 2%ಗೆ ತಂದರೆ ಸೊನ್ನೆ! ಸುತ್ತಮುತ್ತ ಮಾತ್ರ ತಡಕಾಡುವ ಸಾಲ್ವರ್ 100ರಲ್ಲೇ ನಿಂತು "ಆಪ್ಟಿಮಲ್" ಅಂತ ಬರೆದು ಮಲಗಿಬಿಡುತ್ತೆ. ಆದರೆ ಕಣಿವೆ ದಾಟಿ 1.5%ಗೆ ಹೋದರೆ ಲಾಭ 300. ಟ್ಯಾಂಕಿನಲ್ಲಿ ಬರೀ ಬಿ ಇಟ್ಟು, 100 ಬಿ, 100 ಸಿ ಬೆರೆಸಿ ಎರಡನೇ ಸರಕು ಮಾಡಿದರೆ 400.

ನಮ್ಮ ಸಾಫ್ಟ್‌ವೇರ್ ಮಂದಿಗೆ ಆಪ್ಟಿಮೈಸೇಶನ್ ಅಂದ ತಕ್ಷಣ ನೆನಪಾಗೋದು ವೇಗ. ಇಲ್ಲಿ ವೇಗದಿಂದ ಏನೂ ಉಪಯೋಗವಿಲ್ಲ, 100ಕ್ಕೆ ಇನ್ನೂ ಬೇಗ ತಲುಪ್ತೀರಿ ಅಷ್ಟೇ :-)

ನನ್ನ ಪ್ರಕಾರ ನಿಜವಾದ ಸುಧಾರಣೆ ಬಂದಿದ್ದು "ಇದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ" ಅಂತ ಸಾಬೀತು ಮಾಡುವ ದಾರಿಯಿಂದ. 400 ಕೈಯಲ್ಲಿದೆ ಅನ್ನಿ. ಟ್ಯಾಂಕಿನ ಗಂಧಕ 2ರಿಂದ 3%ರ ನಡುವೆ ಇರುವ ಅರ್ಧವನ್ನ ಹುಡುಕಬೇಕಾ? ಅಲ್ಲಿ ಎಲ್ಲ ಎಣ್ಣೆಯೂ 2% ಅಥವಾ ಅದಕ್ಕಿಂತ ಹೆಚ್ಚು, ಹಾಗಾಗಿ ಎರಡನೇ ಸರಕು ಆಗೋದೇ ಇಲ್ಲ. ಗಂಧಕದ ಮಿತಿ ಮರೆತು ಮೊದಲನೇದನ್ನ ಪೂರ್ತಿ ಅಗ್ಗದ ಎ-ಯಿಂದಲೇ ಮಾಡಿದರೂ ಲಾಭ 300 ದಾಟಲ್ಲ. ಆ ಅರ್ಧ ಕಸದ ಬುಟ್ಟಿಗೆ. ಉಳಿದ ಅರ್ಧವನ್ನೂ ಹೀಗೇ ಸೀಳ್ತಾ ಹೋಗಬೇಕು. ಆ ಗುಣಾಕಾರದ ಸುತ್ತ ನೇರ ಗೆರೆಗಳ ಬೇಲಿ ಹಾಕಿ ಇಂಥ ಮೇಲ್ಮಿತಿಯನ್ನ ಯಂತ್ರವೇ ಕಂಡುಕೊಳ್ಳುವ ಉಪಾಯವನ್ನ ಮೆಕಾರ್ಮಿಕ್ 1976ರಲ್ಲೇ ಕೊಟ್ಟಿದ್ದ.

ಐಪಾಪ್ಟ್ ಒಳ್ಳೆಯ ಸಾಲ್ವರ್, ದೊಡ್ಡ ಲೆಕ್ಕಗಳನ್ನ ಚೆನ್ನಾಗಿ ಎಳೆಯುತ್ತೆ, ಆದರೆ ಇಂಥ ಲೆಕ್ಕದಲ್ಲಿ ಈ ಭರವಸೆ ಕೊಡಲ್ಲ. ಕೊಡೋ ಸ್ಕಿಪ್ 2022ರಿಂದ ಓಪನ್ ಸೋರ್ಸ್. ದೊಡ್ಡ ಲೆಕ್ಕವಾದರೆ ಅದು ರಾತ್ರಿಯೆಲ್ಲ ಓಡಿಯೂ ಮುಗಿಸದಿರಬಹುದು. ಆಗಲೂ ಈಗ ಸಿಕ್ಕಿದ್ದು ಇಷ್ಟು, ಹೆಚ್ಚೆಂದರೆ ಸಿಗಬಹುದಾದ್ದು ಇಷ್ಟು ಅಂತ ಎರಡು ಅಂಕಿ ಕೈಗೆ ಸಿಗುತ್ತೆ. ಎರಡನೇ ಅಂಕಿ ಇಲ್ಲದಿದ್ದರೆ ಪ್ಲಾನಿಂಗ್ ವಿಭಾಗದವರ ಮೇಜಿಗೆ ದಿನಾ 100 ಬರುತ್ತಿರುತ್ತೆ, ಮೇಲೆ "ಆಪ್ಟಿಮಲ್" ಅಂತ ಮುದ್ರೆ. ಕಾರ್ಖಾನೆ ನಿಲ್ಲಲ್ಲ, ಯಾರೂ ದೂರಲ್ಲ, ಉಳಿದ 300 ಯಾವ ಲೆಕ್ಕಪುಸ್ತಕದಲ್ಲೂ ನಷ್ಟ ಅಂತ ಕಾಣಲ್ಲ.