ಕೂಸು ಬಡವಾದ ಬಗೆ

ಮನೆಯ ಗಣಕಯಂತ್ರದಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸಹೊರಟಾಗ, ಪ್ರಗತಿಯ ಹಸಿರು ಪಟ್ಟಿಯು ನಿರ್ವಿಘ್ನವಾಗಿ ತುದಿಯವರೆಗೂ ಸಾಗಿ, ಇನ್ನೇನು ಮುಗಿಯಿತೆನ್ನುವ ಕ್ಷಣದಲ್ಲಿ ಹಿಮ್ಮುಖವಾಗಿ ಸರಿದು, '1603' ಎಂಬ ಸಂಖ್ಯೆಯೊಂದನ್ನು ನಮ್ಮ ಮುಂದಿಟ್ಟು ಸುಮ್ಮನಾಗುವುದುಂಟು. ವಿಂಡೋಸ್ ಇನ್‌ಸ್ಟಾಲರಿನ ಪರಿಭಾಷೆಯಲ್ಲಿ ಅದು ಮಾರಕ ದೋಷ. ಆದರೆ ಕಾರಣವನ್ನು ಮಾತ್ರ ಅದು ತಿಳಿಸಲೊಲ್ಲದು. ಕಾರಣವನ್ನು ಅರಸಬೇಕಾದದ್ದು ಲಾಗ್ ಕಡತದಲ್ಲಿ: 'ರಿಟರ್ನ್ ವ್ಯಾಲ್ಯೂ 3' ಎಂದಿರುವ ಎಡೆಯನ್ನು ಹುಡುಕಿ, ಅದರ ಮೇಲಣ ಕೆಲವು ಸಾಲುಗಳನ್ನು ಓದಿದರೆ, ಕೆಲಸವು ಎಲ್ಲಿ ಮುಗ್ಗರಿಸಿತೆಂಬುದು ಬಹುಮಟ್ಟಿಗೆ ವಿದಿತವಾಗುತ್ತದೆ.

ಹಲವು ವೇಳೆ ಅಡ್ಡಿಯು ಆಂಟಿವೈರಸ್ಸಿನದೇ. ತೆರೆಯಲ್ಪಡುವ, ಬರೆಯಲ್ಪಡುವ ಕಡತಗಳನ್ನೆಲ್ಲ ನಡುವೆ ತಡೆದು ಪರೀಕ್ಷಿಸುವುದೇ ಅದರ ಧರ್ಮವಾದುದರಿಂದ, ಅಂಥವೆರಡು ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ಜಾಗೃತವಾಗಿದ್ದರೆ, ಒಂದು ಹಿಡಿದುದನ್ನು ಇನ್ನೊಂದೂ ಹಿಡಿಯಹೋಗಿ, ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ ಹೊಸ ತಂತ್ರಾಂಶವು ಅರ್ಧಕ್ಕೇ ನಿಲ್ಲುವುದು. ವಿಂಡೋಸಿನೊಡನೆಯೇ ಬರುವ ಡಿಫೆಂಡರ್ ಈ ವಿಷಯದಲ್ಲಿ ಸಂಭಾವಿತ; ಅನ್ಯ ಆಂಟಿವೈರಸ್ ಬಂದು ನೋಂದಾಯಿಸಿಕೊಂಡರೆ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುವುದು. ಆ ಸೌಜನ್ಯವನ್ನು, ಚಂದಾ ಮುಗಿದರೂ ಮನೆ ಬಿಡದ ಹಳೆಯ ಆಂಟಿವೈರಸ್ಸುಗಳಿಂದ ನಿರೀಕ್ಷಿಸಲಾಗದು. ಅನ್‌ಇನ್‌ಸ್ಟಾಲ್ ಆದ ಮೇಲೂ ಅವುಗಳ ಡ್ರೈವರುಗಳು ಕೆಲವೊಮ್ಮೆ ಉಳಿದಿರುತ್ತವೆಯಾಗಿ, ತಯಾರಕರೇ ಒದಗಿಸುವ ನಿರ್ಮೂಲನ ಸಾಧನವನ್ನು ಓಡಿಸಿ, ಯಂತ್ರವನ್ನು ರೀಸ್ಟಾರ್ಟ್ ಮಾಡುವುದು ಲೇಸು.

ಆಂಟಿವೈರಸ್ಸನ್ನೇ ತಾತ್ಕಾಲಿಕವಾಗಿ ನಿಲ್ಲಿಸಿಬಿಡುವ ಉಪಾಯವೂ ಉಂಟಷ್ಟೆ. (ಕಳ್ಳಪ್ರತಿಗಳೆಲ್ಲ ಮೊದಲು ಉಪದೇಶಿಸುವುದು ಇದನ್ನೇ, ಅದೂ ಸಕಾರಣವಾಗಿ!) ಕಡತವು ತಯಾರಕರ ಸ್ವಂತ ತಾಣದಿಂದಲೇ ಬಂದುದೆಂದು ಖಚಿತವಾದ ಹೊರತು ಹಾಗೆ ಮಾಡದಿರಿ, ಮಾಡಿದಿರಾದರೆ, ಕೆಲಸ ಮುಗಿದೊಡನೆ ಮರೆಯದೆ ಪುನಃ ಆನ್ ಮಾಡಿರಿ.