ದುಡ್ಡು ಕೊಟ್ಟ ಮೇಲೂ ಕಸ ನಮ್ಮದೇ

ಶನಿವಾರ ಬೆಳಿಗ್ಗೆ ಕಾಫಿ ಕುಡೀತಾ ಬಂದಿದ್ದ ಟಪಾಲು ನೋಡ್ತಿದ್ದೆ. ಪಿಜ್ಜಾ ಜಾಹೀರಾತು, ಕರೆಂಟ್ ಬಿಲ್ಲು, ಜೊತೆಗೆ ಕೌನ್ಸಿಲ್‌ನಿಂದ ಒಂದು ಕಾಗದ. ಕೌನ್ಸಿಲ್ ಅಂದ್ರೆ ನಾನಿರುವ ಇಂಗ್ಲೆಂಡಿನ ಈ ಊರಿನ ನಗರಸಭೆ. ತೆರಿಗೆ ವಿಷಯ ಇರಬೇಕು ಅಂದುಕೊಂಡು ಒಡೆದೆ. ಒಳಗೆ ಒಂದು ಫೋಟೋ. ಹೊಲದ ಪಕ್ಕದ ಕಿರುದಾರಿ, ಬೇಲಿಗೆ ಒರಗಿಸಿದ ಹಳೇ ಹಾಸಿಗೆ, ಮುರಿದ ಬೀರು, ಮೂರ್ನಾಲ್ಕು ಕಪ್ಪು ಚೀಲ. ಎಲ್ಲದರ ಮುಂದೆ ಒಂದು ರಟ್ಟಿನ ಡಬ್ಬ. ಅದರ ಮೇಲೆ ನೀಲಿ ಮಾರ್ಕರ್‌ನಲ್ಲಿ ನನ್ನ ಹೆಸರು, ವಿಳಾಸ. ಅಮ್ಮನ ಅಕ್ಷರ.

ಬೆಂಗಳೂರಿಂದ ಅಂಟಿನುಂಡೆ, ಚಟ್ನಿಪುಡಿ ತುಂಬಿ ಅಮ್ಮ ಕಳಿಸಿದ್ದ ಪಾರ್ಸೆಲ್‌ನ ಡಬ್ಬ ಅದು.

ಆಗಿದ್ದು ಇಷ್ಟು. ಮಗು ಬರುತ್ತೆ ಅಂತ ಚಿಕ್ಕ ರೂಮು ಖಾಲಿ ಮಾಡಿದ್ವಿ. ಹಾಸಿಗೆ, ಬೀರು ಹಾಕೋದೆಲ್ಲಿ? ಕೌನ್ಸಿಲ್‌ನವರೇ ದುಡ್ಡು ತಗೊಂಡು ಬಂದು ಒಯ್ತಾರೆ, ಆದ್ರೆ ಮೂರು ವಾರ ಕಾಯಬೇಕಿತ್ತು. ನನಗೆ ಅವಸರ. ಫೇಸ್‌ಬುಕ್‌ನಲ್ಲಿ ಒಬ್ಬ ಬಿಳಿ ವ್ಯಾನಿನವನು ಸಿಕ್ಕಿದ. 60 ಪೌಂಡ್, ಕ್ಯಾಷು, ಇವತ್ತೇ ಬರ್ತೀನಿ ಅಂದ. ಬಂದ, ನಗುನಗ್ತಾ ಎಲ್ಲ ಏರಿಸ್ಕೊಂಡು ಹೋದ. ರಸೀದಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಎಂಥಾ ಒಳ್ಳೇ ಮನುಷ್ಯ ಅಂತ ಹೆಂಡತಿ ಹತ್ರ ಹೊಗಳಿದ್ದೆ ಬೇರೆ.

ಹೀಗೆ ಕಂಡವರ ಜಾಗದಲ್ಲಿ ಕಸ ಸುರಿಯೋದಕ್ಕೆ ಇಲ್ಲಿ ‘ಫ್ಲೈ ಟಿಪ್ಪಿಂಗ್’ ಅಂತಾರೆ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಅಪರಾಧ, ಸುರಿದವನಿಗೆ 5 ವರ್ಷದ ತನಕ ಜೈಲಾಗಬಹುದು. ನನಗೆ ಗೊತ್ತಿಲ್ಲದೇ ಇದ್ದದ್ದು ಅದೇ ಕಾಯ್ದೆಯ ಇನ್ನೊಂದು ಮಾತು. ಮನೆ ಕಸ ಯಾರ ಕೈಗೆ ಕೊಡ್ತೀವೋ ಅವನಿಗೆ ಅದನ್ನು ಒಯ್ಯುವ ಅನುಮತಿ ಇದೆಯಾ ಅಂತ ನೋಡಿಕೊಳ್ಳುವುದು ಮನೆಯವರ ಕರ್ತವ್ಯ. ನೋಡದೇ ಕೊಟ್ಟರೆ 600 ಪೌಂಡ್ ತನಕ ದಂಡ.

ಕೌನ್ಸಿಲ್ ಆಫೀಸಿನಲ್ಲಿ ವಿಚಾರಣೆ. ಎದುರಿಗೆ ನನ್ನ ಅಮ್ಮನ ವಯಸ್ಸಿನ ಅಧಿಕಾರಿ. ‘ನೀವು ಹೇಳುವುದನ್ನು ಸಾಕ್ಷ್ಯವಾಗಿ ಬಳಸಬಹುದು’ ಅಂತ ಶುರು ಮಾಡಿದರು. ಸಿನಿಮಾದಲ್ಲಿ ಕೇಳಿದ್ದ ಮಾತು ನನಗೇ ಹೇಳಿದಾಗ ಗಂಟಲು ಒಣಗಿತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ವೀಸಾ. ಇನ್ನೊಂದು ವರ್ಷಕ್ಕೆ ಕಾಯಂ ವಾಸಕ್ಕೆ ಅರ್ಜಿ ಹಾಕಬೇಕು. ಈ ಡಬ್ಬದಿಂದ ಎಲ್ಲಾ ಹೋಗುತ್ತಾ?

‘ಮೇಡಂ, ನಾನು ಎಸೆದಿಲ್ಲ. ದುಡ್ಡು ಕೊಟ್ಟಿದ್ದೀನಿ’ ಅಂದೆ.

‘ಗೊತ್ತು. ಅವನ ಲೈಸೆನ್ಸ್ ಕೇಳಿದ್ರಾ? ಎಲ್ಲಿಗೆ ಒಯ್ತಾನೆ ಅಂತ ಕೇಳಿದ್ರಾ?’

ಕೇಳಿರಲಿಲ್ಲ. ಅಂಥವರ ಹೆಸರಿನ ಪಟ್ಟಿ ಸರ್ಕಾರಿ ವೆಬ್‌ಸೈಟ್‌ನಲ್ಲೇ ಇದೆ, ಎರಡು ನಿಮಿಷದ ಕೆಲಸ. ಬಿರಿಯಾನಿ ತರಿಸೋಕೆ ಹೋಟೆಲ್‌ನ ರೇಟಿಂಗ್ ನೋಡೋ ನಾನು ಇದನ್ನು ನೋಡಿರಲಿಲ್ಲ. ವ್ಯಾನಿನವನ ನಂಬರ್ ಸ್ವಿಚ್ ಆಫ್ ಆಗಿತ್ತು. ನನಗೆ 400 ಪೌಂಡ್ ಬಿತ್ತು, ಅಂದ್ರೆ ನಲವತ್ತು ಸಾವಿರ ರೂಪಾಯಿಗೂ ಮೇಲೆ. ಕಟ್ಟಿದರೆ ಕೋರ್ಟಿಗೆ ಹೋಗಲ್ಲ ಅಂದರು. ಅಲ್ಲೇ ಕೂತು ಫೋನಿನಲ್ಲಿ ಕಟ್ಟಿದೆ.

ಹೊರಡುವಾಗ ಅವರೇ ಹೇಳಿದರು, ಆ ಜಾಗ ಒಬ್ಬ ರೈತನದ್ದು. ಖಾಸಗಿ ಜಮೀನಿನಲ್ಲಿ ಬಿದ್ದ ಕಸವನ್ನು ತೆಗೆಸುವ ಖರ್ಚು ಜಮೀನಿನವನದ್ದೇ. ನನ್ನ ಹಾಸಿಗೆಗೆ ಯಾರೋ ಮುಖ ನೋಡದ ಮನುಷ್ಯ ದುಡ್ಡು ಕೊಟ್ಟಿದ್ದ. ವೀಸಾ ಚಿಂತೆ ಇಳಿದ ಮೇಲೆ ಚುಚ್ಚೋಕೆ ಶುರುವಾಗಿದ್ದು ಇದು.

ನಾನೊಬ್ಬನೇ ಅಲ್ಲ ಬಿಡಿ. 2023-24ರಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳ ಲೆಕ್ಕಕ್ಕೆ ಬಂದ ಇಂಥ ಪ್ರಕರಣಗಳು ಸುಮಾರು 11.5 ಲಕ್ಷ. ಅದರಲ್ಲಿ ನೂರಕ್ಕೆ 60 ಮನೆ ಕಸ. ಅಂದ್ರೆ ನಿಮ್ಮ, ನನ್ನಂಥವರ ಹಳೇ ಹಾಸಿಗೆಗಳು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಮುಚ್ಚಿಡೋಣ ಅಂತಲೇ ಇದ್ದೆ, ಆದ್ರೆ ಹೇಳಿಬಿಟ್ಟೆ. ‘ಅಯ್ಯೋ, ನಾನು ಅಷ್ಟು ದೊಡ್ಡದಾಗಿ ಬರೀಬಾರದಿತ್ತು ಕಣೋ’ ಅಂದ್ಲು. ತಪ್ಪು ತನ್ನದೇ ಅನ್ನೋ ಹಾಗೆ. ಆಮೇಲೆ ಸಮಾಧಾನ ಮಾಡೋಕೆ, ‘ನಾವೂ ಹೋದ ತಿಂಗಳು ಹಳೇ ಸೋಫಾ ಹಾಕಿದ್ವಿ. ಆಟೋದವನಿಗೆ ಮುನ್ನೂರು ಕೊಟ್ಟೆ, ತಗೊಂಡು ಹೋದ’ ಅಂದ್ಲು.

‘ಎಲ್ಲಿಗೆ ತಗೊಂಡು ಹೋದ ಅಮ್ಮಾ?’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಯಾವನಿಗೊತ್ತು’ ಅಂದ್ಲು.

ನಮ್ಮ ಮನೆಯಿಂದ ಎರಡು ರಸ್ತೆ ಆಚೆ ರಾಜಕಾಲುವೆ ಇದೆ. ಮಳೆಗಾಲದಲ್ಲಿ ಅಲ್ಲಿ ಸೋಫಾ, ದಿಂಬು, ಥರ್ಮಾಕೋಲ್ ಎಲ್ಲಾ ಸಿಕ್ಕಿಕೊಂಡು ನೀರು ರಸ್ತೆಗೆ ನುಗ್ಗುತ್ತೆ. ಆಗ ನಾವೆಲ್ಲ ‘ಈ ಊರು ಉದ್ಧಾರ ಆಗಲ್ಲ’ ಅಂತ ವಾಟ್ಸ್ಆ್ಯಪ್‌ನಲ್ಲಿ ಬರೀತೀವಿ. ಆ ಸೋಫಾಗಳ ಮೇಲೆ ಯಾರ ಹೆಸರೂ ಇರೋದಿಲ್ಲ ಅನ್ನೋದೊಂದೇ ವ್ಯತ್ಯಾಸ. 2014ರ ಕೊನೆಯ ತನಕ ಬೆಂಗಳೂರಿನ ಕಸ ಲಾರಿ ಲಾರಿ ಮಂಡೂರಿಗೆ ಹೋಗ್ತಿತ್ತು. ಅಲ್ಲಿನ ಜನ ರಸ್ತೆಗಿಳಿದ ಮೇಲೇ ನಮಗೆ ಆ ಊರಿನ ಹೆಸರು ಗೊತ್ತಾಗಿದ್ದು. 2025ರ ಅಕ್ಟೋಬರ್‌ನಲ್ಲಿ ಬೀದಿಗೆ ಕಸ ಎಸೆದವರ ಮನೆ ಮುಂದೆಯೇ ಕಸ ವಾಪಸ್ ಸುರಿದ ವಿಡಿಯೋ ನೋಡಿ ನಾನೂ ನಕ್ಕಿದ್ದೆ. ಈಗ ಅಷ್ಟು ನಗು ಬರಲ್ಲ. ನನ್ನ ಮನೆಗೂ ಕಸ ವಾಪಸ್ ಬಂತಲ್ಲ, ಲಕೋಟೆಯಲ್ಲಿ.

ಆ ಫೋಟೋ ಇನ್ನೂ ಎಸೆದಿಲ್ಲ. ಹೋದ ವಾರ ಅಮ್ಮ ಫೋನ್ ಮಾಡಿದ್ಲು. ಕೆಟ್ಟು ಕೂತ ವಾಷಿಂಗ್ ಮಷೀನ್ ತಗೊಂಡು ಹೋಗೋಕೆ ಒಬ್ಬ ಬಂದಿದ್ನಂತೆ. ‘ಎಲ್ಲಿಗಪ್ಪಾ ಒಯ್ತೀಯ ಅಂತ ಕೇಳ್ದೆ ಕಣೋ. ನನ್ನ ಮುಖವನ್ನೇ ನೋಡ್ದ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲಮ್ಮಾ ಅಂದ.’

‘ಏನ್ ಮಾಡ್ದೆ?’

‘ಕೊಡ್ಲಿಲ್ಲ. ಹಿತ್ತಲಲ್ಲೇ ಇದೆ. ನೀನು ಬಂದಾಗ ನೋಡೋಣ’ ಅಂದ್ಲು.